ಲಿಂಕ್ ತಿರುಗಿತು, ಮೇಕ್ ಕದಲಲಿಲ್ಲ: ಕಾಂಟಾ ಚೀಟಿಯ ಒಂದು ದೋಷದ ಬೆನ್ನು ಹತ್ತಿ

ಲಕ್ಷಣ ಹೀಗಿರುತ್ತದೆ. ಸಿಮ್‌ಲಿಂಕ್ (ಇನ್ನೊಂದು ಫೈಲಿನ ಅಥವಾ ಫೋಲ್ಡರಿನ ದಾರಿಯನ್ನಷ್ಟೇ ತೋರಿಸುವ ಹೆಸರು) ಬದಲಾಯಿಸಿ, ಪ್ರೋಗ್ರಾಂ ಕಂಪೈಲ್ ಮಾಡಿಸುವ ‘ಮೇಕ್’ ಎಂಬ ಸಾಧನವನ್ನು ಓಡಿಸುತ್ತೀರಿ. ‘ನಥಿಂಗ್ ಟು ಬಿ ಡನ್’ ಅಂತ ಒಂದು ಸಾಲು ಬರೆದು ಅದು ಸುಮ್ಮನಾಗುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತದೆ, ಆದರೆ ಹೊಟ್ಟೆಯಲ್ಲಿ ಹಳೆಯ ಸೆಟ್ಟಿಂಗ್ ಇಟ್ಟುಕೊಂಡು ಓಡುತ್ತದೆ. ಎರರ್ ಬಂದರೆ ಅರ್ಧ ಕೆಲಸ ಮುಗಿದಂತೆ. ಇದು ಬಾಯಿ ಮುಚ್ಚಿಕೊಂಡು ತಪ್ಪು ಮಾಡುವ ಜಾತಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ನಾವಿಬ್ಬರು ಸೇರಿ ದಾಲ್ ಮಿಲ್ಲುಗಳಿಗೆ ಕಾಂಟಾ ಚೀಟಿಯ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ತೊಗರಿ ತುಂಬಿದ ಗಾಡಿ ಕಾಂಟಾ ಹತ್ತಿದರೆ ತೂಕ ಬರುತ್ತದೆ. ಚೀಲದ ಲೆಕ್ಕ ಹಾಕಿ, ಬಾರದಾನ (ಖಾಲಿ ಚೀಲದ ತೂಕ) ಕಳೆದು, ಚೀಟಿ ಹೊರಬೀಳುತ್ತದೆ. ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ಪ್ರತಿ ಮಿಲ್ಲಿಗೂ ಒಂದು ಫೋಲ್ಡರ್, ಅದರೊಳಗೆ ‘ಮಿಲ್.ಎಚ್’ ಎಂಬ ಹೆಡರ್. ಮಿಲ್ಲಿನ ಹೆಸರು, ಚೀಟಿಯ ಅಗಲ, ಒಂದು ಚೀಲಕ್ಕೆ ಎಷ್ಟು ಬಾರದಾನ ಕಳೆಯಬೇಕು, ಎಲ್ಲ ಅದರಲ್ಲಿ. ಯಾವ ಮಿಲ್ಲಿಗೆ ಕಂಪೈಲ್ ಮಾಡಬೇಕೋ ಆ ಫೋಲ್ಡರಿನ ಕಡೆಗೆ ‘ಕರೆಂಟ್’ ಎಂಬ ಲಿಂಕ್ ತಿರುಗಿಸುತ್ತೇವೆ. (ಈ ಹೆಸರು ಇಡಬಾರದಿತ್ತು. ಮಿಲ್ಲಿನಲ್ಲಿ ನಿಂತು ‘ಕರೆಂಟ್ ತಪ್ಪು ಕಡೆ ಹೋಗಿದೆ’ ಎಂದರೆ ಎಲ್ಲರೂ ಮೀಟರ್ ಬೋರ್ಡಿನ ಕಡೆ ಓಡುತ್ತಾರೆ.)

ಜನವರಿಯಲ್ಲಿ, ಗಂಜಿಗೆ (ಧಾನ್ಯದ ಮಾರುಕಟ್ಟೆಗೆ) ತೊಗರಿ ಆವಕ ಜೋರಿದ್ದ ವಾರ, ಎರಡನೇ ಮಿಲ್ಲಿನ ಮುನೀಮರ ಫೋನ್ ಬಂತು.

“ಸರ್, ನಿಮ್ಮ ಚೀಟಿಯಾಗ ಬಾರದಾನ ಚೀಲಕ್ಕ ಒಂದ್ ಕಿಲೋ ಹಿಡಿಲಕತ್ತದ. ನಮ್ಮಲ್ಲಿ ಏಳ್ನೂರು ಗ್ರಾಂ ಅದರಿ. ರೈತರು ಜಗಳಕ್ಕ ನಿಂತಾರ.”

ಇನ್ನೂರು ಚೀಲದ ಗಾಡಿ. ಚೀಲಕ್ಕೆ ಮುನ್ನೂರು ಗ್ರಾಂ ಹೆಚ್ಚು ಕಳೆದರೆ ಅರವತ್ತು ಕಿಲೋ ತೊಗರಿ ಕಾಗದದ ಮೇಲೆ ಮಾಯ. ಜಗಳಕ್ಕೆ ನಿಲ್ಲದೆ ಏನು ಮಾಡ್ಯಾರು? ಒಂದು ಕಿಲೋ ಎಂಬುದು ಮೊದಲನೇ ಮಿಲ್ಲಿನ ಲೆಕ್ಕ. ನಾನು ಲಿಂಕ್ ತಿರುಗಿಸಿದ್ದೆ, ಮೇಕ್ ಓಡಿಸಿದ್ದೆ, ಬಂದ ಫೈಲನ್ನು ಕಳಿಸಿದ್ದೆ. ಆದರೂ ಒಳಗೆ ಮೊದಲನೇ ಮಿಲ್ಲೇ ಕೂತಿತ್ತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಆಜ್ಞೆಗಳನ್ನೆಲ್ಲ ಮಿಲ್ಲಿನಲ್ಲಿರುವ ಹುಡುಗನಿಗೆ ಫೋನಿನಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ: ಎಲ್‌ಎಸ್, ಜಾಗ ಬಿಡು, ಮೈನಸ್, ಎಲ್. ದೊಡ್ಡಕ್ಷರ ಬೇಕಾದಲ್ಲಿ ‘ದೊಡ್ಡ ಎಲ್’ ಎಂದಿದ್ದೇನೆ. ಇಲ್ಲಿ ಸಣ್ಣ ಎಲ್ ಮತ್ತು ದೊಡ್ಡ ಎಲ್ ನಡುವಿನ ವ್ಯತ್ಯಾಸವೇ ಅರ್ಧ ಕಥೆ.

ಮೊದಲು ಮಾಡಬಾರದ್ದು

‘ಮೇಕ್ ಕ್ಲೀನ್’ ಹೊಡೆಯಬೇಡಿ. ಕೈ ತಾನಾಗಿಯೇ ಅತ್ತ ಹೋಗುತ್ತದೆ, ನನಗೆ ಗೊತ್ತು. ಹೊಡೆದರೆ ದೋಷ ಹೋಗುತ್ತದೆ ಕೂಡ. ಆದರೆ ಹಳೆಯ ಆಬ್ಜೆಕ್ಟ್ ಫೈಲುಗಳ (ಕಂಪೈಲ್ ಆಗಿ ಬಂದ ‘.ಓ’ ಫೈಲುಗಳ) ಜೊತೆ ಅವುಗಳ ಸಮಯವೂ ಅಳಿಸಿಹೋಗುತ್ತದೆ. ಏನಾಗಿತ್ತೆಂದು ಹೇಳುವ ಸಾಕ್ಷಿ ಅದೊಂದೇ. ಮುಂದಿನ ತಿಂಗಳು ಅದೇ ಫೋನ್ ಮತ್ತೆ ಬರುತ್ತದೆ.

ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿ ಪರೀಕ್ಷಿಸುತ್ತೇನೆಂದರೆ ಬರೀ ‘ಸಿಪಿ -ಆರ್’ ಸಾಲದು. ಅದು ಎಲ್ಲ ಫೈಲಿಗೂ ನಕಲಾದ ಕ್ಷಣದ ಸಮಯವನ್ನೇ ಹಾಕುತ್ತದೆ. ‘ಸಿಪಿ -ಎ’ ಬಳಸಿ. ಸಮಯವೂ ಉಳಿಯುತ್ತದೆ, ಲಿಂಕ್ ಲಿಂಕಾಗಿಯೇ ಉಳಿಯುತ್ತದೆ. ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಒಯ್ಯುವವರು ಇನ್ನೂ ಹುಷಾರಾಗಿರಬೇಕು. ಫ್ಯಾಟ್ 32 ಇರುವ ಪೆನ್‌ಡ್ರೈವಿನಲ್ಲಿ ಸಿಮ್‌ಲಿಂಕ್ ಎಂಬುದೇ ಇಲ್ಲ, ಮಾರ್ಪಾಡಿನ ಸಮಯವೂ ಎರಡು ಸೆಕೆಂಡಿನ ಲೆಕ್ಕದಲ್ಲಷ್ಟೇ ಉಳಿಯುತ್ತದೆ. ಎಲ್ಲವನ್ನೂ ಒಂದೇ ಟಾರ್ ಫೈಲಾಗಿ ಕಟ್ಟಿ ಒಯ್ಯುವುದು ವಾಸಿ. ಜಿಪ್ ಮಾಡುವುದಾದರೆ ‘-ವೈ’ ಹಾಕದಿದ್ದರೆ ಲಿಂಕಿನ ಜಾಗದಲ್ಲಿ ಅದು ತೋರಿಸುವ ಫೈಲೇ ಹೋಗಿ ಕೂರುತ್ತದೆ.

ಎರಡು ಗಡಿಯಾರ

ಮೇಕ್ ಬರೆದವರು ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್, 1976ರಲ್ಲಿ. ಅಂದಿನಿಂದ ಇಂದಿನವರೆಗೆ ಅದು ಕೇಳುವ ಪ್ರಶ್ನೆ ಒಂದೇ: ಮೂಲ ಫೈಲಿನ ಮಾರ್ಪಾಡಿನ ಸಮಯ ತಯಾರಾದ ಫೈಲಿನ ಸಮಯಕ್ಕಿಂತ ಈಚಿನದೋ? ಹೌದಾದರೆ ಮತ್ತೆ ತಯಾರಿಸು, ಇಲ್ಲವಾದರೆ ಬಿಡು. ‘ಬದಲಾಗಿದೆಯೇ’ ಎಂದು ಅದು ಕೇಳುವುದೇ ಇಲ್ಲ. ಬದಲಾದದ್ದು ಬೇರೆ, ಈಚಿನದಾದದ್ದು ಬೇರೆ. ಬಹುತೇಕ ದಿನ ಎರಡೂ ಒಂದೇ ಆಗಿರುವುದರಿಂದ ನಾವು ಮರೆತುಬಿಡುತ್ತೇವೆ.

ಸಿಮ್‌ಲಿಂಕ್ ಯುನಿಕ್ಸಿಗೆ ಬಂದದ್ದು ಆಮೇಲೆ, ಬರ್ಕ್ಲಿಯ 4.2 ಬಿಎಸ್‌ಡಿ ಜೊತೆ, 1983ರಲ್ಲಿ. ಲಿಂಕಿಗೂ ತನ್ನದೇ ಒಂದು ಸಮಯ ಇರುತ್ತದೆ, ಅದನ್ನು ಸೃಷ್ಟಿಸಿದ ಸಮಯ. ಅದು ತೋರಿಸುವ ಫೈಲಿಗೆ ಬೇರೆ ಸಮಯ. ಸಿಸ್ಟಂ ಕರೆಗಳೂ ಎರಡಿವೆ. ‘ಸ್ಟ್ಯಾಟ್’ ಲಿಂಕನ್ನು ದಾಟಿ ಹೋಗಿ ಫೈಲಿನ ಸಮಯ ತರುತ್ತದೆ. ‘ಎಲ್‌ಸ್ಟ್ಯಾಟ್’ ಲಿಂಕಿನ ಬಳಿಯೇ ನಿಂತು ಅದರ ಸಮಯ ಹೇಳುತ್ತದೆ. ಮೇಕ್ ಬಳಸುವುದು ಮೊದಲನೆಯದನ್ನು.

ಅಂಗಡಿಯ ಬಾಗಿಲಿಗೆ ‘ಅಂಗಡಿ ಗಂಜಿಗೆ ಬದಲಾಗಿದೆ’ ಅಂತ ಚೀಟಿ ಹಚ್ಚಿರುತ್ತಾರಲ್ಲ, ಲಿಂಕ್ ಅಂದರೆ ಅದು. ಚೀಟಿ ನಿನ್ನೆ ಹಚ್ಚಿದ್ದು, ಗಂಜಿನ ಅಂಗಡಿಗೆ ಇಪ್ಪತ್ತು ವರ್ಷ. ಮೇಕ್ ಚೀಟಿಯ ವಯಸ್ಸು ಕೇಳುವುದಿಲ್ಲ, ಗಂಜಿಗೆ ಹೋಗಿ ಅಂಗಡಿಯ ವಯಸ್ಸು ಕೇಳಿಕೊಂಡು ಬರುತ್ತದೆ.

ಈಗ ನಮ್ಮ ಲೆಕ್ಕ ನೋಡಿ. ಎರಡನೇ ಮಿಲ್ಲಿನ ಹೆಡರ್ ಬರೆದದ್ದು ನವೆಂಬರ್ 2ಕ್ಕೆ. ಮೊದಲನೇ ಮಿಲ್ಲಿಗಾಗಿ ‘ಚೀಟಿ.ಓ’ ಕಂಪೈಲ್ ಆದದ್ದು ಜನವರಿ 14ಕ್ಕೆ. ಲಿಂಕ್ ತಿರುಗಿಸಿದ್ದು ಜನವರಿ 20ಕ್ಕೆ. ನವೆಂಬರ್ 2 ಜನವರಿ 14ಕ್ಕಿಂತ ಹಿಂದಿನದು. ಮೇಕ್ ಪಾಲಿಗೆ ಮಾಡಲು ಏನೂ ಉಳಿದಿಲ್ಲ.

ಮೊದಲಿಗೆ, ಅಂದರೆ ಫೋಲ್ಡರ್‌ಗಳನ್ನು ಮಾಡುವ ಮುಂಚೆ, ಹೆಡರ್ ಫೈಲಿಗೇ ನೇರವಾಗಿ ಲಿಂಕ್ ಇತ್ತು. ಆಗ ಇದೇ ದೋಷ ಒಮ್ಮೆ ಬಂದಿತ್ತು (ಹೋಲಿಸಲು ಸುಲಭವಾಗಲೆಂದು ಕೆಳಗೆ ತಾರೀಖುಗಳನ್ನು ಮೇಲಿನವೇ ಇಟ್ಟಿದ್ದೇನೆ). ಅರ್ಧ ದಿನ ನಾನು ಕಣ್ಣು ಕಿವುಚಿಕೊಂಡದ್ದು ಎಲ್‌ಎಸ್‌ನಿಂದ:

$ ಎಲ್‌ಎಸ್ -ಎಲ್ ಮಿಲ್.ಎಚ್ ಚೀಟಿ.ಓ
ಜನವರಿ 14 10:20 ಚೀಟಿ.ಓ
ಜನವರಿ 20 11:05 ಮಿಲ್.ಎಚ್ -> ಮಿಲ್-2.ಎಚ್

ಹೆಡರ್ ಹೊಸದು, ಆಬ್ಜೆಕ್ಟ್ ಹಳೆಯದು, ಮತ್ತೇಕೆ ಕಂಪೈಲ್ ಆಗುತ್ತಿಲ್ಲ? ಮೇಕ್ ಕೆಟ್ಟಿದೆಯೇ? ಕೆಟ್ಟಿರಲಿಲ್ಲ. ‘ಎಲ್‌ಎಸ್ -ಎಲ್’ ತೋರಿಸುವುದು ಚೀಟಿಯ ವಯಸ್ಸು. ದೊಡ್ಡ ಎಲ್ ಸೇರಿಸಿದ ಮೇಲೆ ಬಂದದ್ದು ಇದು:

$ ಎಲ್‌ಎಸ್ -ಎಲ್ -(ದೊಡ್ಡ)ಎಲ್ ಮಿಲ್.ಎಚ್ ಚೀಟಿ.ಓ
ಜನವರಿ 14 10:20 ಚೀಟಿ.ಓ
ನವೆಂಬರ್ 2 16:41 ಮಿಲ್.ಎಚ್

ಸ್ಟ್ಯಾಟ್ ಎಂಬ ಆಜ್ಞೆಯೂ ಹಾಗೆಯೇ. ಸುಮ್ಮನೆ ಓಡಿಸಿದರೆ ಲಿಂಕಿನ ಸಮಯ, ದೊಡ್ಡ ಎಲ್ ಕೊಟ್ಟರೆ ಫೈಲಿನ ಸಮಯ. ಹೆಸರು ಒಂದೇ ಆದರೂ ಆಜ್ಞೆ ಮಾಡುವುದು ಒಂದು, ಸಿಸ್ಟಂ ಕರೆ ಮಾಡುವುದು ಇನ್ನೊಂದು. ಇದನ್ನು ಇಟ್ಟವರಿಗೆ ಕೈ ಮುಗಿಯಬೇಕು. ಏನೇ ಆಗಲಿ, ಮೇಕ್ ಏನನ್ನು ನೋಡುತ್ತದೋ ಅದನ್ನೇ ನೀವೂ ನೋಡುತ್ತಿದ್ದೀರಾ ಎಂಬುದು ಮೊದಲ ತಪಾಸಣೆ.

ಮೇಕ್ ಬಾಯಿಂದಲೇ ಕೇಳಬೇಕೆಂದರೆ ‘ಮೇಕ್ -ಡಿ’ ಓಡಿಸಿ. ಪುಟಗಟ್ಟಲೆ ಸುರಿಯುತ್ತದೆ, ಗ್ರೆಪ್ ಹಾಕಿ ನಿಮ್ಮ ಹೆಡರಿನ ಹೆಸರು ಇರುವ ಸಾಲು ಮಾತ್ರ ಹೆಕ್ಕಿ. ‘ಪ್ರಿರಿಕ್ವಿಸಿಟ್ ಇಂಥದ್ದು ಈಸ್ ಓಲ್ಡರ್ ದ್ಯಾನ್ ಟಾರ್ಗೆಟ್ ಇಂಥದ್ದು’ ಎಂದಿದ್ದರೆ ಸಮಯದ ದೋಷ, ಮುಂದೆ ಓದಿ. ಹೆಡರಿನ ಹೆಸರೇ ಎಲ್ಲೂ ಇಲ್ಲದಿದ್ದರೆ ಇದು ಬೇರೆ ರೋಗ. ಆ ಹೆಡರ್ ಮೇಲೆ ಅವಲಂಬನೆ ಇದೆ ಎಂದು ಮೇಕ್‌ಫೈಲಿನಲ್ಲಿ (ಮೇಕ್‌ನ ನಿಯಮಗಳ ಫೈಲಿನಲ್ಲಿ) ಬರೆದೇ ಇಲ್ಲ. ಕಂಪೈಲರ್ ಜಿಸಿಸಿಗೆ ‘-(ದೊಡ್ಡ)ಎಂಎಂಡಿ’ ಕೊಟ್ಟು ಅವಲಂಬನೆಯ ಪಟ್ಟಿಯನ್ನು ಅದರಿಂದಲೇ ಬರೆಸಿಕೊಳ್ಳಿ. ಅದಕ್ಕೂ ಲಿಂಕಿಗೂ ಸಂಬಂಧವಿಲ್ಲ.

ದೊಡ್ಡ ಎಲ್ ಎಂಬ ಮದ್ದು, ಅದು ನಾಟದ ಜಾಗ

ಗ್ನೂ ಮೇಕ್‌ನಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇದೆ. 2006ರ 3.81ನೇ ಆವೃತ್ತಿಯಿಂದ ‘ಮೇಕ್ -(ದೊಡ್ಡ)ಎಲ್’. ಉದ್ದ ಹೆಸರು ‘ಚೆಕ್-ಸಿಮ್‌ಲಿಂಕ್-ಟೈಮ್ಸ್’. ಇದನ್ನು ಕೊಟ್ಟರೆ ಮೇಕ್ ಲಿಂಕಿನ ಸಮಯವನ್ನೂ ಫೈಲಿನ ಸಮಯವನ್ನೂ ನೋಡಿ, ಎರಡರಲ್ಲಿ ಈಚಿನದು ಯಾವುದೋ ಅದನ್ನು ಹಿಡಿಯುತ್ತದೆ. ಲಿಂಕ್ ಇನ್ನೊಂದು ಲಿಂಕಿಗೆ, ಅದು ಮತ್ತೊಂದಕ್ಕೆ ಹೀಗೆ ಸರಪಳಿ ಇದ್ದರೆ ಎಲ್ಲವನ್ನೂ ನೋಡುತ್ತದೆ. ಹೆಡರಿಗೆ ನೇರ ಲಿಂಕ್ ಇದ್ದಾಗ ನಾನು ಇದನ್ನೇ ಹಾಕಿ ಸಮಸ್ಯೆ ಮುಗಿಯಿತೆಂದು ಚಹಾಕ್ಕೆ ಹೋಗಿದ್ದೆ.

ಆಮೇಲೆ ಮಿಲ್ಲಿನ ಲೋಗೋ, ಚೀಟಿಯ ನಮೂನೆ ಎಲ್ಲ ಸೇರಿ ಒಂದೊಂದು ಫೋಲ್ಡರ್ ಆಯಿತು. ಲಿಂಕ್ ಫೈಲಿಗಲ್ಲ, ಫೋಲ್ಡರಿಗೆ. ಮೇಕ್‌ಫೈಲಿನಲ್ಲಿ ದಾರಿ ‘ಕರೆಂಟ್/ಮಿಲ್.ಎಚ್’ ಎಂದಾಯಿತು. ದೊಡ್ಡ ಎಲ್ ಇದ್ದಲ್ಲೇ ಇತ್ತು. ದೋಷ ವಾಪಸ್ ಬಂತು. ಮುನೀಮರ ಫೋನ್ ಬಂದದ್ದು ಈ ಹಂತದಲ್ಲಿ.

ಕಾರಣ ನೋಡಿದರೆ ಸರಳ. ದೊಡ್ಡ ಎಲ್ ಕೊಟ್ಟಾಗ ಮೇಕ್ ಇಡೀ ದಾರಿಯನ್ನು ಎಲ್‌ಸ್ಟ್ಯಾಟ್‌ಗೆ ಕೊಡುತ್ತದೆ. ಎಲ್‌ಸ್ಟ್ಯಾಟ್ ಲಿಂಕಿನ ಬಳಿಯೇ ನಿಲ್ಲುವುದು ದಾರಿಯ ಕೊನೆಯ ಹೆಸರಿನಲ್ಲಿ ಮಾತ್ರ. ನಡುವೆ ಬರುವ ಲಿಂಕುಗಳನ್ನು ಕರ್ನೆಲ್ ಎಂದಿನಂತೆ ದಾಟಿಬಿಡುತ್ತದೆ. ‘ಕರೆಂಟ್/ಮಿಲ್.ಎಚ್’ನಲ್ಲಿ ಕೊನೆಯ ಹೆಸರು ಮಿಲ್.ಎಚ್, ಅದು ಲಿಂಕಲ್ಲ, ಅಪ್ಪಟ ಫೈಲು. ಲಿಂಕಾಗಿರುವುದು ‘ಕರೆಂಟ್’, ಅದು ನಡುದಾರಿಯಲ್ಲಿದೆ, ಅದರ ಸಮಯವನ್ನು ಯಾರೂ ಕೇಳಲಿಲ್ಲ. ಹಾಗಾಗಿ ಫೋಲ್ಡರ್ ಲಿಂಕಿಗೆ ದೊಡ್ಡ ಎಲ್ ಮದ್ದಲ್ಲ. ಈ ವಾಕ್ಯವನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಒಂದು ಶನಿವಾರ ಉಳಿಯುತ್ತಿತ್ತು.

ಇದೇ ಲಕ್ಷಣದ ಇನ್ನೊಂದು ದೋಷವೂ ಫೋಲ್ಡರ್ ಲಿಂಕಿನಲ್ಲೇ ಅಡಗಿದೆ, ಎರಡೂ ಒಟ್ಟಿಗೆ ಬಂದರೆ ತಲೆ ಕೆಡುತ್ತದೆ. ‘ಎಲ್‌ಎನ್ -ಎಸ್ಎಫ್ ಮಿಲ್-2 ಕರೆಂಟ್’ ಎಂದು ಹೊಡೆದಿರಿ ಎನ್ನಿ. ಕರೆಂಟ್ ಈಗಾಗಲೇ ಮಿಲ್-1 ಫೋಲ್ಡರಿಗೆ ಲಿಂಕಾಗಿದ್ದರೆ ಎಲ್‌ಎನ್ ಅದನ್ನು ಫೋಲ್ಡರೆಂದೇ ತಿಳಿದು, ದಾಟಿ ಹೋಗಿ, ಮಿಲ್-1ರ ಒಳಗೆ ಮಿಲ್-2 ಎಂಬ ಹೊಸ ಲಿಂಕ್ ಹಾಕಿ ಬರುತ್ತದೆ. ನೀವು ತಿರುಗಿಸಿದೆ ಎಂದುಕೊಂಡ ಲಿಂಕ್ ಅಲುಗಾಡಿಲ್ಲ. ಎರರ್ ಕೂಡ ಇಲ್ಲ. ‘ರೀಡ್‌ಲಿಂಕ್ ಕರೆಂಟ್’ ಎಂದರೆ ಸತ್ಯ ಹೊರಬರುತ್ತದೆ. ‘-ಎಸ್ಎಫ್ಎನ್’ ಎಂದು ಎನ್ ಸೇರಿಸಿದರೆ ಲಿಂಕನ್ನು ಲಿಂಕಾಗಿಯೇ ಕಂಡು ಬದಲಾಯಿಸುತ್ತದೆ. ಮಿಲ್-1ರೊಳಗೆ ಅನಾಥವಾಗಿ ಬಿದ್ದಿರುವ ಆ ಲಿಂಕನ್ನು ಅಳಿಸಲು ಮರೆಯಬೇಡಿ. ನಮ್ಮಲ್ಲಿ ಅಂಥ ಮೂರು ಸಿಕ್ಕವು.

ಆ ಹೊತ್ತಿನ ಪರಿಹಾರ

ಗಾಡಿಗಳು ಸಾಲು ನಿಂತಿವೆ, ಈಗಲೇ ಸರಿಯಾದ ಫೈಲ್ ಬೇಕು. ಆಗ ‘ಮೇಕ್ -(ದೊಡ್ಡ)ಡಬ್ಲ್ಯೂ ಕರೆಂಟ್/ಮಿಲ್.ಎಚ್’. ಈ ಫೈಲು ಈಗಷ್ಟೇ ಬದಲಾಗಿದೆ ಎಂದು ನಟಿಸು ಅಂತ ಮೇಕ್‌ಗೆ ಹೇಳಿದ ಹಾಗೆ. ಅದನ್ನು ನೆಚ್ಚಿಕೊಂಡದ್ದೆಲ್ಲ ಮತ್ತೆ ಕಂಪೈಲ್ ಆಗುತ್ತದೆ, ಮೂಲ ಫೈಲಿನ ಸಮಯ ಕದಲುವುದಿಲ್ಲ.

ಬಹಳ ಜನ ‘ಟಚ್’ ಮಾಡುತ್ತಾರೆ. ಅದೂ ಕೆಲಸ ಮಾಡುತ್ತದೆ, ಏಕೆಂದರೆ ಟಚ್ ಲಿಂಕನ್ನು ದಾಟಿ ಹೋಗಿ ಫೈಲಿನ ಸಮಯವನ್ನೇ ಬದಲಾಯಿಸುತ್ತದೆ. (ಲಿಂಕನ್ನೇ ಮುಟ್ಟಬೇಕೆಂದರೆ ‘-ಎಚ್’ ಬೇಕು.) ಆದರೆ ನಾಳೆ ಮೊದಲನೇ ಮಿಲ್ಲಿಗೆ ವಾಪಸ್ ತಿರುಗಿಸಿದಾಗ ಅದರ ಹೆಡರ್ ಇಂದಿನ ಆಬ್ಜೆಕ್ಟಿಗಿಂತ ಹಳೆಯದಾಗಿರುತ್ತದೆ. ಅದನ್ನೂ ಟಚ್ ಮಾಡಬೇಕು. ನಾಡಿದ್ದು ಇದನ್ನು. ಪ್ರತಿ ಸಲ ನೆನಪಿಟ್ಟು ಮುಟ್ಟುತ್ತಾ ಕೂರುವುದು ಮಡಿವಂತಿಕೆ ಆದೀತು, ಪರಿಹಾರ ಅಲ್ಲ.

ಲಿಂಕಿನದಲ್ಲದ ತಪ್ಪು: ಗಡಿಯಾರ

ಲಿಂಕ್ ಸರಿ ಇದೆ, ರೀಡ್‌ಲಿಂಕ್ ಸರಿ ಹೇಳುತ್ತದೆ, ಈಗಷ್ಟೇ ಎಡಿಟರಿನಲ್ಲಿ ಹೆಡರ್ ತಿದ್ದಿ ಸೇವ್ ಮಾಡಿದ್ದೀರಿ, ಆದರೂ ಮೇಕ್ ಅಲುಗದು. ಆಗ ‘ಡೇಟ್’ ಎಂದು ಹೊಡೆದು ಗೋಡೆಯ ಗಡಿಯಾರ ನೋಡಿ.

ನಾವು ಮಿಲ್ಲಿನಲ್ಲಿ ಇಡುವುದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಅದರಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ನೆಟ್ ಇದ್ದರೆ ಸಮಯ ಅಲ್ಲಿಂದ ಬರುತ್ತದೆ. ಇಲ್ಲದಿದ್ದರೆ ‘ಫೇಕ್-ಎಚ್‌ಡಬ್ಲ್ಯೂಕ್ಲಾಕ್’ ಎಂಬ ಪುಟ್ಟ ಪ್ರೋಗ್ರಾಂ ಗಂಟೆಗೊಮ್ಮೆ ಬರೆದಿಟ್ಟ ಸಮಯದಿಂದ ಮತ್ತೆ ಎಣಿಸಲು ಶುರು ಮಾಡುತ್ತದೆ. ಅದರ ಹೆಸರಿನಲ್ಲೇ ‘ಫೇಕ್’ ಇದೆ, ಮುಚ್ಚುಮರೆ ಏನಿಲ್ಲ. ಊರ ಹೊರಗಿನ ಒಂದು ಮಿಲ್ಲಿನಲ್ಲಿ ಆದದ್ದು ಹೀಗೆ. 11:17ಕ್ಕೆ ಸಮಯ ಬರೆದಿಟ್ಟಿತು. 11:40ಕ್ಕೆ ನಾನು ಕಂಪೈಲ್ ಮಾಡಿದೆ. 11:50ಕ್ಕೆ ಕರೆಂಟ್ ಹೋಯಿತು (ಈ ಸಲ ನಿಜವಾದ ಕರೆಂಟ್). ಕಾಲು ಗಂಟೆ ಬಿಟ್ಟು ಬಂತು, ಗಡಿಯಾರ ಮತ್ತೆ 11:17ರಿಂದ ಶುರುವಾಯಿತು. ಫೋನಿನ ಹಾಟ್‌ಸ್ಪಾಟ್ ಹಚ್ಚುವುದು ಮರೆತಿದ್ದೆ. ಹೆಡರ್ ತಿದ್ದಿದೆ, ಅದಕ್ಕೆ 11:25 ಎಂಬ ಸಮಯ ಬಿತ್ತು. ಆಬ್ಜೆಕ್ಟಿನದು 11:40. ಮೇಕ್ ಪ್ರಕಾರ ನಾನು ಇನ್ನೂ ತಿದ್ದಿಯೇ ಇಲ್ಲ.

ಇಂಥಲ್ಲಿ ಮೇಕ್ ಒಂದು ಉಪಕಾರ ಮಾಡುತ್ತದೆ. ತಾನು ನೋಡಿದ ಫೈಲಿನ ಸಮಯ ಈಗಿನ ಸಮಯಕ್ಕಿಂತ ಮುಂದಿದ್ದರೆ ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಎಂದು ಎಚ್ಚರಿಸುತ್ತದೆ. ನನಗೂ ಆ ಸಾಲು ಬಂದಿತ್ತು, ಓದದೆ ಮೇಲೆ ಸರಿಸಿದ್ದೆ. ಆದರೆ ಅದೇ ಗಡಿಯಾರ 11:40 ದಾಟುವವರೆಗೂ ಕಾದು ಆಮೇಲೆ ಮೇಕ್ ಓಡಿಸಿದ್ದರೆ ಎಚ್ಚರಿಕೆಯೂ ಬರುತ್ತಿರಲಿಲ್ಲ.

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಕಂಪ್ಯೂಟರಿನಲ್ಲಿ ಈ ಎಚ್ಚರಿಕೆಯ ಅಂಕಿ 19800 ಸೆಕೆಂಡಿನ ಆಸುಪಾಸು ಇದ್ದರೆ ಹೆಚ್ಚು ಹುಡುಕಬೇಡಿ. ಅದು ಐದೂವರೆ ಗಂಟೆ, ನಮ್ಮ ಸಮಯಕ್ಕೂ ಯುಟಿಸಿಗೂ ಇರುವ ಅಂತರ. ವಿಂಡೋಸ್ ಒಳಗಿನ ಗಡಿಯಾರಕ್ಕೆ ಸ್ಥಳೀಯ ಸಮಯ ಬರೆದಿರುತ್ತದೆ, ಲಿನಕ್ಸ್ ಅದನ್ನು ಯುಟಿಸಿ ಎಂದು ಓದುತ್ತದೆ. ನೆಟ್ ಬಂದು ಸರಿಪಡಿಸುವವರೆಗೆ ಸೇವ್ ಮಾಡಿದ್ದೆಲ್ಲ ಸಂಜೆಯ ಫೈಲು. ಬೇಸಿಗೆಯಲ್ಲಿ ಒಣಗಿ ಕೂತ ಹಳೆಯ ಡೆಸ್ಕ್‌ಟಾಪುಗಳಲ್ಲಿ ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿರುತ್ತದೆ, ಅದನ್ನೂ ನೋಡಿ. ಹಂಚಿಕೆಯ ಎನ್‌ಎಫ್‌ಎಸ್ ಡಿಸ್ಕ್ ಇದ್ದರೆ ಫೈಲಿಗೆ ಸಮಯ ಹಾಕುವುದು ಸಾಮಾನ್ಯವಾಗಿ ಸರ್ವರಿನ ಗಡಿಯಾರ, ಎಡಿಟ್ ಮಾಡುವವರ ಗಡಿಯಾರವಲ್ಲ.

ಗಡಿಯಾರ ಸರಿಯಿದ್ದರೂ ಸಮಯ ಹಿಂದಕ್ಕೆ ಹೋಗುವ ದಾರಿಗಳಿವೆ. ಬ್ಯಾಕಪ್ಪಿನಿಂದ ಹಳೆಯ ಹೆಡರನ್ನು ‘ಎಂವಿ’ಯಿಂದ ತಂದು ಕೂರಿಸಿದರೆ ಅದು ತನ್ನ ಹಳೆಯ ಸಮಯದೊಂದಿಗೇ ಬರುತ್ತದೆ. ಟಾರ್ ಬಿಚ್ಚಿದರೂ ಅಷ್ಟೇ, ‘ಆರ್‌ಸಿಂಕ್ -ಎ’ ಆದರೂ ಅಷ್ಟೇ. ಒಳಗಿನ ಅಕ್ಷರ ಬದಲಾಗಿದೆ, ಸಮಯ ಮಾತ್ರ ಹಿಂದಿನದು. ಕೋಡಿನ ಆವೃತ್ತಿಗಳನ್ನು ಇಟ್ಟುಕೊಳ್ಳುವ ಗಿಟ್‌ನದು ಇದಕ್ಕೆ ತದ್ವಿರುದ್ಧ: ಅದು ಸಮಯವನ್ನು ಉಳಿಸಿಕೊಳ್ಳುವುದೇ ಇಲ್ಲ, ಚೆಕೌಟ್ ಆದ ಫೈಲಿಗೆ ಆ ಕ್ಷಣದ ಸಮಯ ಬೀಳುತ್ತದೆ. ಹಾಗಾಗಿ ಗಿಟ್‌ನಲ್ಲಿ ಹಿಂದಕ್ಕೆ ಹೋದರೂ ಮೇಕ್‌ಗೆ ಅದು ಹೊಸದೇ. ಇದು ನಮ್ಮ ಪಾಲಿಗೆ ಒಳ್ಳೆಯದೇ ಆಯಿತು. ಒಂದು ಎಚ್ಚರ: ವಿಂಡೋಸಿನಲ್ಲಿ ಗಿಟ್‌ನ ‘ಕೋರ್.ಸಿಮ್‌ಲಿಂಕ್ಸ್’ ಫಾಲ್ಸ್ ಆಗಿದ್ದರೆ ಲಿಂಕಿನ ಜಾಗದಲ್ಲಿ ಒಂದು ಸಾದಾ ಫೈಲ್ ಬರುತ್ತದೆ, ಅದರೊಳಗೆ ಲಿಂಕಿನ ವಿಳಾಸ ಮಾತ್ರ. ಹೆಡರ್ ತೆರೆದು ನೋಡಿದರೆ ‘ಮಿಲ್-2.ಎಚ್’ ಎಂಬ ಒಂದೇ ಸಾಲು.

ಉಲ್ಟಾ ರೋಗ

ಕೆಲವರಿಗೆ ಇದರ ವಿರುದ್ಧ: ಏನೂ ಬದಲಾಗಿಲ್ಲ, ಆದರೂ ಪ್ರತಿ ಸಲ ಕಂಪೈಲ್ ಆಗುತ್ತದೆ. ಮೇಕ್ ತಯಾರಿಸಬೇಕಾದ ವಸ್ತುವೇ ಲಿಂಕಾಗಿದ್ದರೆ ಹೀಗಾಗುತ್ತದೆ. ನಿಯಮದಲ್ಲಿ ಎಲ್‌ಎನ್ ಓಡುತ್ತದೆ, ಹೊಸ ಲಿಂಕ್ ಬರುತ್ತದೆ. ಆದರೆ ಮೇಕ್ ನೋಡುವುದು ಲಿಂಕಿನಾಚೆಯ ಹಳೆಯ ಫೈಲನ್ನು, ಅದರ ಸಮಯ ಬದಲಾಗಲೇ ಇಲ್ಲ. ಮುಂದಿನ ಸಲ ಮತ್ತೆ ಅದೇ. ಇಲ್ಲಿ ದೊಡ್ಡ ಎಲ್ ಚೆನ್ನಾಗಿ ನಾಟುತ್ತದೆ. ಲಿಂಕ್ ಎತ್ತಲೂ ಇಲ್ಲದ ಫೈಲನ್ನು ತೋರಿಸುತ್ತಿದ್ದರೆ ಮೇಕ್ ಆ ವಸ್ತುವೇ ಇಲ್ಲವೆಂದು ಎಲ್‌ಎನ್ ಓಡಿಸುತ್ತದೆ, ‘-ಎಫ್’ ಇಲ್ಲದ ಎಲ್‌ಎನ್ ‘ಫೈಲ್ ಎಕ್ಸಿಸ್ಟ್ಸ್’ ಎಂದು ಜಗಳ ತೆಗೆಯುತ್ತದೆ. ಇಬ್ಬರೂ ಅವರವರ ಮಟ್ಟಿಗೆ ಸರಿ.

ಫೋಲ್ಡರನ್ನೇ ಅವಲಂಬನೆಯಾಗಿ ಬರೆದಿದ್ದರೂ ಇದೇ ಗತಿ. ಒಳಗೆ ಒಂದು ಫೈಲು ಹುಟ್ಟಿದರೂ ಅಳಿದರೂ ಫೋಲ್ಡರಿನ ಸಮಯ ಬದಲಾಗುತ್ತದೆ, ಎಡಿಟರಿನ ತಾತ್ಕಾಲಿಕ ಫೈಲು ಸಾಕು. ಅವಲಂಬನೆಯ ಸಾಲಿನಲ್ಲಿ ನಿಂತ ಗೆರೆ ಹಾಕಿ ಅದರಾಚೆ ಫೋಲ್ಡರಿನ ಹೆಸರು ಬರೆಯಿರಿ. ಆಗ ಮೇಕ್ ಫೋಲ್ಡರ್ ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ.

ನಮ್ಮ ಹಳೆಯ ಡಿಸ್ಕಿನಲ್ಲಿ ಇನ್ನೊಂದು ತಮಾಷೆ ಇತ್ತು. ಮೂಲ ಫೋಲ್ಡರಿನ ಹೆಸರು ಗುಲ್ಬರ್ಗಾ. 2014ರಲ್ಲಿ ಊರಿನ ಹೆಸರು ಕಲಬುರಗಿ ಆದಾಗ ನಾವೂ ಉತ್ಸಾಹದಿಂದ ಫೋಲ್ಡರಿಗೆ ಹೊಸ ಹೆಸರಿಟ್ಟು, ಹಳೆಯ ಸ್ಕ್ರಿಪ್ಟುಗಳು ಮುರಿಯದಿರಲೆಂದು ಹಳೆಯ ಹೆಸರನ್ನು ಲಿಂಕಾಗಿ ಉಳಿಸಿದೆವು. ಮೇಕ್ ದಾರಿಗಳನ್ನು ಅಕ್ಷರಗಳಾಗಿ ಹೋಲಿಸುತ್ತದೆಯೇ ಹೊರತು ಎರಡೂ ಒಂದೇ ಊರು ಎಂದು ಅದಕ್ಕೆ ತಿಳಿಯದು. ಒಂದೇ ಆಬ್ಜೆಕ್ಟ್ ಎರಡು ಹೆಸರಿನಲ್ಲಿ ಎರಡು ಸಲ ತಯಾರಾಗುತ್ತಿತ್ತು. ‘-ಜೆ’ ಕೊಟ್ಟು ಸಮಾನಾಂತರ ಓಡಿಸಿದಾಗ ಎರಡೂ ಒಂದೇ ಫೈಲಿನ ಮೇಲೆ ಬಿದ್ದು ಒಮ್ಮೊಮ್ಮೆ ಅರ್ಧ ಬರೆದ ಆಬ್ಜೆಕ್ಟ್ ಸಿಗುತ್ತಿತ್ತು. ಬಸ್ಸಿನ ಬೋರ್ಡಿನಲ್ಲಿ ಎರಡು ಹೆಸರು ನಡೆದೀತು, ಮೇಕ್‌ಫೈಲಿನಲ್ಲಿ ಬೇಡ.

ಕೊನೆಗೆ ನಾವು ಮಾಡಿದ್ದು

ನನ್ನ ಪಾಲುದಾರನ ವಾದ, ಮೇಕ್ ಬಿಟ್ಟುಬಿಡೋಣ ಅಂತ. ಅದರಲ್ಲಿ ಹುರುಳಿಲ್ಲದಿಲ್ಲ. ಮೇಕ್‌ನ ಕೆಲಸವನ್ನೇ ಮಾಡುವ ಎಸ್‌ಕಾನ್ಸ್ ತಾನಾಗಿಯೇ ಫೈಲಿನ ಒಳಗಿನದನ್ನು ಲೆಕ್ಕ ಹಾಕಿ ಹೋಲಿಸುತ್ತದೆ, ಬೇಜಲ್ ಕೂಡ ಹಾಗೆಯೇ. ಒಳಗಿನದು ಬದಲಾಗಿದ್ದರೆ ಸಮಯ ಎಷ್ಟೇ ಹಳೆಯದಿರಲಿ ಮತ್ತೆ ಕಂಪೈಲ್. ನಿಂಜಾ ಮಾತ್ರ ಮೇಕ್‌ನಂತೆ ಸಮಯವನ್ನೇ ನಂಬುತ್ತದೆ, ಲಿಂಕನ್ನೂ ದಾಟಿಯೇ ನೋಡುತ್ತದೆ. ಆದರೆ ಅದು ಹಿಂದಿನ ಸಲ ಓಡಿಸಿದ ಆಜ್ಞೆಯ ಗುರುತು ಇಟ್ಟುಕೊಂಡಿರುತ್ತದೆ. ಕಂಪೈಲರಿನ ಆಜ್ಞೆಯಲ್ಲಿ ಮಿಲ್ಲಿನ ಹೆಸರು ಬದಲಾದರೆ ಅಷ್ಟಕ್ಕೇ ಮತ್ತೆ ತಯಾರಿಸುತ್ತದೆ. ಏಕೆ ತಯಾರಿಸುತ್ತಿದ್ದೇನೆಂದು ‘ನಿಂಜಾ -ಡಿ ಎಕ್ಸ್‌ಪ್ಲೇನ್’ ಕೇಳಿದರೆ ಹೇಳುತ್ತದೆ ಕೂಡ. ಆದರೂ ಪೈ ಮೇಲೆ ಎಲ್ಲೆಡೆ ಸಿಗುವುದು ಮೇಕ್, ನಮ್ಮ ಪ್ರೋಗ್ರಾಮಿನಲ್ಲಿರುವುದು ಹದಿನಾಲ್ಕು ಸಿ ಫೈಲು. ಅಷ್ಟಕ್ಕೆ ಮನೆ ಬದಲಾಯಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಲಿಂಕನ್ನೇ ತೆಗೆದುಹಾಕಿದೆವು. ಈಗ ‘ಮೇಕ್ ಮಿಲ್=2’ ಎನ್ನಬೇಕು. ಆಬ್ಜೆಕ್ಟುಗಳು ‘ಬಿಲ್ಡ್/2’ ಎಂಬ ಬೇರೆ ಫೋಲ್ಡರಿನಲ್ಲಿ ಹುಟ್ಟುತ್ತವೆ. ಒಂದು ಮಿಲ್ಲಿನ ಆಬ್ಜೆಕ್ಟು ಇನ್ನೊಂದರ ಹೆಡರಿನ ಎದುರು ನಿಲ್ಲುವ ಪ್ರಸಂಗವೇ ಇಲ್ಲ. ಡಿಸ್ಕಿನಲ್ಲಿ ಹೆಚ್ಚು ಜಾಗ ಬೇಕು ಎಂದರೆ ಮಿಲ್ಲಿಗೆ ಕೆಲವು ನೂರು ಕಿಲೋಬೈಟು. ನನ್ನನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಕಡೆ ಇದೇ ಸಾಕು.

ಗಡಿಯಾರದ ತಪ್ಪು, ಬ್ಯಾಕಪ್ಪಿನ ತಪ್ಪು ಇದರಿಂದ ಹೋಗುವುದಿಲ್ಲ. ಅದಕ್ಕೆ ಒಂದು ಮುದ್ರೆ ಫೈಲು ಸೇರಿಸಿದೆವು. ಪ್ರತಿ ಸಲವೂ ಓಡುವ ಒಂದು ನಿಯಮ ಮಿಲ್ಲಿನ ಫೋಲ್ಡರಿನಲ್ಲಿರುವ ಎಲ್ಲ ಫೈಲುಗಳ ‘ಸಿಕೆಸಮ್’ (ಒಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಅಂಕಿ) ತೆಗೆದು ಒಂದು ತಾತ್ಕಾಲಿಕ ಫೈಲಿಗೆ ಬರೆಯುತ್ತದೆ. ಅದನ್ನು ಹಳೆಯ ಮುದ್ರೆಯೊಂದಿಗೆ ‘ಸಿಎಂಪಿ’ಯಿಂದ ಹೋಲಿಸುತ್ತದೆ. ಒಂದೇ ಆಗಿದ್ದರೆ ತಾತ್ಕಾಲಿಕವನ್ನು ಬಿಸಾಕಿ ಮುದ್ರೆಯನ್ನು ಮುಟ್ಟುವುದೇ ಇಲ್ಲ. ಬೇರೆಯಾಗಿದ್ದರೆ ಮಾತ್ರ ಅದರ ಮೇಲೆ ಕೂರಿಸುತ್ತದೆ, ಮುದ್ರೆಗೆ ಹೊಸ ಸಮಯ ಬೀಳುತ್ತದೆ. ಆಬ್ಜೆಕ್ಟುಗಳೆಲ್ಲ ಈ ಮುದ್ರೆಯನ್ನು ಅವಲಂಬಿಸುತ್ತವೆ. ಸಮಾನವಾಗಿದ್ದಾಗ ಮುಟ್ಟದಿರುವುದು ಮುಖ್ಯ, ಅಲ್ಲಿ ಎಡವಿದರೆ ಪ್ರತಿ ಸಲ ಕಂಪೈಲ್ ಆಗುವ ಉಲ್ಟಾ ರೋಗ ಅಂಟಿಕೊಳ್ಳುತ್ತದೆ. ಲಿನಕ್ಸ್ ಕರ್ನೆಲ್ಲಿನ ಕೆಬಿಲ್ಡ್‌ನಲ್ಲಿ ‘ಫೈಲ್‌ಚೆಕ್’ ಎಂಬುದು ಇದೇ ಉಪಾಯ. ಲಿಂಕ್ ಇಟ್ಟುಕೊಳ್ಳಲೇಬೇಕಾದವರು ಮುದ್ರೆಯಲ್ಲಿ ‘ರೀಡ್‌ಲಿಂಕ್’ ಕೊಟ್ಟ ಉತ್ತರವನ್ನೂ ಒಂದು ಸಾಲಾಗಿ ಸೇರಿಸಿಕೊಳ್ಳಿ.

ಗಡಿಯಾರ ಹಿಂದೆ ಬಿದ್ದಾಗ ಮುದ್ರೆಗೂ ಹಿಂದಿನ ಸಮಯವೇ ಬೀಳುತ್ತದಲ್ಲ ಎಂದು ಪಾಲುದಾರ ಕೇಳಿದ. ಬೀಳುತ್ತದೆ. ಅದಕ್ಕಾಗಿ ಮುದ್ರೆ ಬದಲಾದಾಗ ಆ ಮಿಲ್ಲಿನ ಆಬ್ಜೆಕ್ಟುಗಳನ್ನೂ ತಯಾರಾದ ಪ್ರೋಗ್ರಾಮನ್ನೂ ಅಳಿಸಿ ಮೇಕ್ ಅನ್ನು ಮೊದಲಿಂದ ಓಡಿಸುತ್ತೇವೆ. ಇಲ್ಲದ ಫೈಲಿನ ವಯಸ್ಸು ಯಾವ ಗಡಿಯಾರವೂ ಕೇಳುವುದಿಲ್ಲ. ಹದಿನಾಲ್ಕು ಫೈಲು ಮತ್ತೆ ಕಂಪೈಲ್ ಆಗಲು ಪೈ ಮೇಲೆ ಹಿಡಿಯುವ ಹೊತ್ತಿನಲ್ಲಿ ಒಂದು ಚಹಾ ಕುಡಿಯಲೂ ಆಗದು.

ಸರಿಯಾಯಿತೋ ಇಲ್ಲವೋ ನೋಡಲು ಎರಡೂ ದಿಕ್ಕಿನಲ್ಲಿ ಪರೀಕ್ಷಿಸಬೇಕು: ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಆಮೇಲೆ ಏನನ್ನೂ ಬದಲಾಯಿಸದೆ ಇನ್ನೊಮ್ಮೆ. ಮೂರನೇ ಸಲ ಒಂದು ಫೈಲೂ ಕಂಪೈಲ್ ಆಗಬಾರದು. ಒಂದು ಹೆಡರನ್ನು ‘ಟಚ್ -ಡಿ’ಯಿಂದ ಕಳೆದ ವರ್ಷಕ್ಕೆ ತಳ್ಳಿ, ಒಳಗೆ ಒಂದು ಅಂಕಿ ಬದಲಾಯಿಸಿ, ಮತ್ತೆ ಕಳೆದ ವರ್ಷಕ್ಕೆ ತಳ್ಳಿ ಓಡಿಸಿದೆ. ಕಂಪೈಲ್ ಆಯಿತು.

ಪ್ರೋಗ್ರಾಂ ಒಳಗೆ ಯಾವ ಮಿಲ್ಲು ಕೂತಿದೆ ಎಂದು ಇನ್ನು ಮುಂದೆ ಫೋನಿನಲ್ಲೇ ಗೊತ್ತಾಗಲಿ ಅಂತ ಮುದ್ರೆಯ ಕೊನೆಯ ನಾಲ್ಕು ಅಂಕಿಗಳನ್ನು ಚೀಟಿಯ ಬುಡದಲ್ಲಿ ಸಣ್ಣಗೆ ಛಾಪಿಸುತ್ತೇವೆ. ಹೋದ ವಾರ ಮುನೀಮರು ಫೋನ್ ಮಾಡಿದ್ದರು. ಬಾರದಾನ ಸರಿ ಅದ, ಆದರ ಕೆಳಗಿನ ಆ ನಾಲ್ಕು ಅಂಕಿ ಯಾವ ಟ್ಯಾಕ್ಸಿಂದು, ರೈತರು ಕೇಳ್ಲಕತ್ತಾರ ಅಂದರು.